ಹಟ್ಟಿಗೆ ಬಂದ ಹಳದಿ ಪೆಟ್ಟಿಗೆ

ಬೋರಕ್ಕ ಗುಡಿಸಲ ನೆಲ ಸಾರಿಸುತ್ತಿದ್ದಳು. ಸಗಣಿ ನೀರಿನ ಕೈ ಒಂದು ಬೀಸು, ಕೂತಲ್ಲೇ ಹಿಂದಕ್ಕೊಂದು ಸರಿತ, ಮತ್ತೊಂದು ಬೀಸು. ಮೂಲೆಗೆ ಬಂದಾಗ ಮಾತ್ರ ಆ ಕೈ ನಿಧಾನವಾಯಿತು. ಅಲ್ಲಿ ಮಣೆಯ ಮೇಲೆ ಹಳದಿ ಬಣ್ಣದ ಕಬ್ಬಿಣದ ಪೆಟ್ಟಿಗೆಯೊಂದಿತ್ತು. ಅದಕ್ಕೆ ತಾಗದಂತೆ, ಸುತ್ತ ಒಂದು ಬೆರಳಗಲ ಬಿಟ್ಟು ಸಾರಿಸಿದಳು.

"ಬೋರಕ್ಕಾ, ಸಾಕು. ಕೈ ತೊಳ್ಕಂಡು ಈಚೆ ಬಾ."

"ಅರ್ಧಕ್ಕೆ ಬಿಟ್ಟು ಎದ್ದೋಗಾಕೆ ಇದೇನು ನಿಮ್ಮ ಪೊಲೀಸ್ ಸ್ಟೇಷನ್ನಾ?"

ಸೂರಮ್ಮ ಹೊಸ್ತಿಲಾಚೆ ಬರಿಗಾಲಲ್ಲಿ ನಿಂತಿದ್ದಳು. ಚಳ್ಳಕೆರೆ ಠಾಣೆಯ ಸಬ್ ಇನ್ಸ್‌ಪೆಕ್ಟರ್ ಆಕೆ. ದೇವರ ಎತ್ತುಗಳ ರೊಪ್ಪದೊಳಗೆ ಚರ್ಮ ಬರಕೂಡದೆಂದು ಬೂಟನ್ನೂ ಬೆಲ್ಟನ್ನೂ ಮುಳ್ಳುಬೇಲಿಯ ಆಚೆಗೇ ಕಳಚಿ ಕಾನ್‌ಸ್ಟೇಬಲ್ ಚಿಕ್ಕೀರಪ್ಪನ ಕೈಗೆ ಕೊಟ್ಟು ಬಂದಿದ್ದಳು. ಜಾರುವ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಸಿಟ್ಟು ಮಾಡಬೇಕಾಗಿತ್ತು.

ರಸ್ತೆ ಕಂಪನಿಯ ಶಿಲ್ಪ ಎಂಬ ಹುಡುಗಿ ಗುಟ್ಟಾಗಿ ಠಾಣೆಗೆ ಬಂದು, ನೆಲದ ಗಟ್ಟಿತನ ಅಳೆಯುವ ಯಂತ್ರವೊಂದು ಪೆಟ್ಟಿಗೆಯ ಸಮೇತ ಜೀಪಿನಿಂದ ಕಳುವಾಗಿದೆ, ಕಂಪನಿ ಬಾಯಿ ಮುಚ್ಚಿಕೊಂಡು ಕೂತಿದೆ ಎಂದು ಹೇಳಿಹೋದಂದಿನಿಂದ ಸೂರಮ್ಮ ಹುಡುಕದ ಗುಜರಿ ಅಂಗಡಿಯಿರಲಿಲ್ಲ. ಹಟ್ಟಿಯಿಂದ ಹಟ್ಟಿಗೆ ಹರಿದ ಮಾತಿನ ಜಾಡು ಹಿಡಿದು ಬಂದರೆ ಅದು ಇಲ್ಲಿ, ದೊಡ್ಡಉಳ್ಳಾರ್ತಿಯ ಹುಲ್ಲು ಕಾವಲಿನಂಚಿನ ಹಟ್ಟಿಯಲ್ಲಿ, ಕಣಗಿಲೆ ಹೂ ಮುಡಿದು ಕೂತಿತ್ತು.

ಪೆಟ್ಟಿಗೆಯ ಮುಖದ ಮೇಲೆ ಮೂರು ಕಪ್ಪು ಎಸಳಿನ ಗುರುತು. ಅಪಾಯ, ದೂರವಿರಿ ಎಂದು ಲೋಕಕ್ಕೆಲ್ಲ ಹೇಳುವ ಗುರುತು ಅದು. ಪ್ರತಿ ಎಸಳಿಗೂ ಬೋರಕ್ಕ ಒಂದೊಂದು ಕುಂಕುಮದ ಬೊಟ್ಟಿಟ್ಟಿದ್ದಳು.

"ಅದು ಏನಂತ ತಿಳ್ಕಂಡಿದ್ದೀಯಕ್ಕಾ?"

"ಕಣ್ಣಿಲ್ವಾ ನಿನಗೆ? ಪತ್ರೆ. ಮೂರೆಸಳಿನ ಬಿಲ್ವಪತ್ರೆ. ಯಾವುದೋ ಹಟ್ಟಿಯೋರ ಪೆಟ್ಟಿಗೆ ದೇವರು. ದಾರಿ ತಪ್ಪಿ ನಮ್ಮ ಕಾವಲಿಗೆ ಬಂದೈತೆ."

ಸೂರಮ್ಮನಿಗೆ ನಗು ಬರಲಿಲ್ಲ. ಅವಳೂ ಹಟ್ಟಿಯಲ್ಲೇ ಹುಟ್ಟಿದವಳು. ಈ ಸೀಮೆಯ ಹಟ್ಟಿಗಳಲ್ಲಿ ದೇವರಿಗೆ ಪೆಟ್ಟಿಗೆಯೇ ಮನೆ. ಒಬ್ಬರ ಪೆಟ್ಟಿಗೆಯನ್ನು ಇನ್ನೊಬ್ಬರು ತೆರೆಯುವಂತಿಲ್ಲ. ಈ ಹಟ್ಟಿಯ ಕಟ್ಟು ಇನ್ನೂ ಬಿಗಿ: ದಾರಿ ತಪ್ಪಿ ಬಂದ ಪೆಟ್ಟಿಗೆಗೆ ನೆರಳು ಕೊಟ್ಟವನು, ಅದರ ಒಡೆಯರು ಬಂದು 'ನಮ್ದು' ಎಂದು ಬಾಯಿಬಿಟ್ಟು ಹೇಳುವವರೆಗೆ ಅದರ ಪಕ್ಕದಲ್ಲೇ ಮಲಗಬೇಕು.

ಮಲಗುತ್ತಿದ್ದವನು ಬೋರಕ್ಕನ ಗಂಡ ಓಬಳಪ್ಪ. ದೇವರ ಎತ್ತು ಕಾಯುವ ಕಿಲಾರಿ. ಬಾಗಿಲ ಪಕ್ಕದಲ್ಲಿ ಅಂಬಲಿಯ ಬಟ್ಟಲು ಹಿಡಿದು ಕೂತಿದ್ದ. ಕುಡಿಯುತ್ತಿರಲಿಲ್ಲ.

"ಮಾರ್ನೋಮಿಗೆ ಮುಂಚೆ ಬಂತು," ಎಂದ ಓಬಳಪ್ಪ. "ಎಲ್ಲಾ ಹಟ್ಟಿಗೂ ಹೇಳಿ ಕಳಿಸ್ದೆ. ದೇವಸಮುದ್ರದ ಕಡೆಗೂ, ಗಡಿ ಆಚೆ ತೆಲುಗಿನೋರ ಹಟ್ಟಿಗೂ. 'ನಿಮ್ಮ ಪೆಟ್ಟಿಗೆ ಏನಾರ ಹೋಗೈತೇನ್ರಪ್ಪಾ?' ಅಂತ. ಒಬ್ರೂ ಬರ್ಲಿಲ್ಲ. ದೇವರನ್ನ ಕಳ್ಕಂಡೋರಿಗೆ ನಿದ್ದೆ ಹೆಂಗ್ ಬರುತ್ತೆ ಅಂತೀನಿ."

"ಅವರಿಗೆ ಚೆನ್ನಾಗೇ ನಿದ್ದೆ ಬರ್ತೈತೆ ಓಬಳಣ್ಣ. ಅದು ದೇವರಲ್ಲ. ರಸ್ತೆ ಕಂಪನಿಯೋರ ಯಂತ್ರ. ಒಳಗೆ ವಿಷ ಐತೆ."

ಬೋರಕ್ಕನ ಕೈ ನಿಂತಿತು. ಸಗಣಿ ಮೆತ್ತಿದ ಕೈಯನ್ನೇ ಎತ್ತಿ ತೋರಿಸಿದಳು.

"ಇನ್ನೊಂದು ಸಲ ಆ ಮಾತಂದ್ರೆ ಈ ಕೈಯಾಗೇ ಬಾಯಿ ಸಾರಿಸಿಬಿಡ್ತೀನಿ. ದಿನಾ ನೀರು ಹಾಕ್ಕಂಡು ದೀಪ ಹಚ್ಚೀನಿ ಕಣೇ ಅದಕ್ಕೆ!"

"ಬೈಯಕ್ಕ. ಎಷ್ಟಾರ ಬೈ. ಬೇಲಿ ಹತ್ರ ಬಂದು ಬೈ."

ಶಿಲ್ಪ ಹೇಳಿದ್ದನ್ನು ಸೂರಮ್ಮ ಅವರಿಗೆ ತಿಳಿಯುವಂತೆ ಹೇಳಲು ನೋಡಿದಳು. ಯಂತ್ರದಲ್ಲೊಂದು ಕಡ್ಡಿ. ಕಡ್ಡಿಯ ತುದಿಯಲ್ಲಿ ಉದ್ದಿನಕಾಳಿನಷ್ಟು ಮದ್ದು. ಆ ಮದ್ದು ತನ್ನ ಸೀಸದ ಗೂಡಿನೊಳಗೆ ಇರುವಷ್ಟು ಕಾಲ ಪಕ್ಕದಲ್ಲಿ ಮಲಗಿದವನಿಗೂ ಅಂಥ ಕೇಡಿಲ್ಲ. ಗೂಡಿನಿಂದ ಹೊರಗೆ ಬಂದಿದ್ದರೆ ಅದು ಬೆಂಕಿಯಿಲ್ಲದೆ ಸುಡುತ್ತದೆ. ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು. ಅದಕ್ಕೆಂದೇ ಇರುವ ಮೀಟರು ಮಾತ್ರ ಹೇಳಬಲ್ಲದು. ಕಂಪನಿಯ ಮೀಟರು ಅದೇ ಪೆಟ್ಟಿಗೆಯೊಳಗೆ ಹೋಗಿತ್ತು.

ಇಂಥ ಯಂತ್ರಗಳ ಮೇಲೆ ಕಣ್ಣಿಡುವ ಮುಂಬಯಿಯ ಸರ್ಕಾರಿ ಮಂಡಳಿಗೆ ಸೂರಮ್ಮ ಫೋನು ಮಾಡಿದ್ದಳು. ಕಂಪನಿಯ ಲೆಕ್ಕದಲ್ಲಿ ಯಂತ್ರ ಉಗ್ರಾಣದಲ್ಲೇ ಇದೆಯಲ್ಲ ಎಂದಿದ್ದರು. ಯಾವ ಯಂತ್ರ, ಒಳಗೆ ಯಾವ ಮದ್ದು, ಎಂದಿನಿಂದ ಇಲ್ಲ ಎಂದು ಒಡೆಯರು ಬರೆದು ತಿಳಿಸಿದರೆ ಅಂದೇ ಮೀಟರು ಹಿಡಿದು ಹೊರಡುತ್ತೇವೆ ಎಂದೂ ಹೇಳಿದ್ದರು. ಆ ಒಂದು ಕಾಗದ ಮಾತ್ರ ಹೋಗಿರಲಿಲ್ಲ.

ಓಬಳಪ್ಪ ಅಂಬಲಿಯ ಬಟ್ಟಲನ್ನು ಕೆಳಗಿಟ್ಟ. ಬೋರಕ್ಕ ಅದನ್ನು ನೋಡಿದಳು. ಆಮೇಲೆ ಅವಳ ದನಿ ಇಳಿಯಿತು.

"ಎಂಟು ದಿನದಿಂದ ಹಿಂಗೇ. ತಿಂದಿದ್ದು ದಕ್ಕಲ್ಲ. ವಯಸ್ಸಾತು ಅಂತಾನೆ." ಸೂರಮ್ಮನ ಕಡೆ ತಿರುಗಿದಳು. "ಇದರಿಂದಾನಾ?"

"ಗೊತ್ತಿಲ್ಲಕ್ಕ."

"ಗೊತ್ತಿಲ್ಲ ಅಂದ್ರೆ? ಟೋಪಿ ಹಾಕ್ಕಂಡು ಬಂದಿದ್ದೀಯ!"

"ಆ ಕಾಗದ ಹೋಗೋತನಕ ಯಾರಿಗೂ ಗೊತ್ತಾಗಾಕಿಲ್ಲ. ಇರಬಹುದು, ಇಲ್ಲದೆಯೂ ಇರಬಹುದು. ಅದಕ್ಕೇ ನನಗೆ ಮೈಯೆಲ್ಲಾ ಉರೀತಿರಾದು."

ಸೂರಮ್ಮ ಬಾಗಿಲಿಂದಲೇ ಬಗ್ಗಿ ಪೆಟ್ಟಿಗೆಯನ್ನು ನೋಡಿದಳು. ಮೂರೆಸಳಿನ ಕೆಳಗೆ ಅಕ್ಷರಗಳಿದ್ದ ಜಾಗವನ್ನು ಯಾರೋ ಕಲ್ಲಿನಿಂದ ಉಜ್ಜಿದ್ದರು. ಗುರುತನ್ನು ಉಳಿಸಿ ಅಕ್ಷರಗಳನ್ನಷ್ಟೇ ಉಜ್ಜಿದ್ದರು. ಮುಂದುಗಡೆ ಹಿತ್ತಾಳೆಯ ಬೀಗ ತೂಗುತ್ತಿತ್ತು.

"ಮೊದಲು ಕಂಡೋರು ಯಾರು?"

"ನಮ್ಮ ಈರೇಶ," ಎಂದಳು ಬೋರಕ್ಕ. "ಮಗ. ಕಾರೆಮೆಳೆ ಬುಡದಾಗೆ ಕಂಡ. ಯಾರೂ ಮುಟ್ಟಬ್ಯಾಡ್ರಿ, ಅಪ್ಪನ್ನ ಕರೀರಿ ಅಂದ."

"ಈಗೆಲ್ಲವನೆ?"

"ಬಳ್ಳಾರಿ ಕಡೆ ದುಡಿಯಾಕೆ ಹೋಗೌನೆ."

ಓಬಳಪ್ಪ ಎದ್ದು ನಿಂತು ಕಂಬಳಿ ಕೊಡವಿದ.

"ಆ ಕಂಪನಿಯೋನು 'ನಮ್ದು' ಅಂದ್ರೆ ಸಾಕಲ್ಲ? ಕರ್ಕಂಡು ಹೋಗು ನನ್ನ. ನಾನೇ ಕೇಳ್ತೀನಿ. ಅವನ ಬಾಯಿಂದ ಬರೋತನಕ ನಾನು ಇದನ್ನ ಬಿಟ್ಟು ಏಳಂಗಿಲ್ಲ. ನಾನು ಬರೋತನಕ ನನ್ನ ಬದಲು ಇವಳು ಕಾಯ್ತಾಳೆ."

"ಕಾಯ್ಲಿ. ಬೇಲಿ ಬಾಗಿಲಾಗೆ ಕುಂತು ಕಾಯ್ಲಿ. ಚಿಕ್ಕೀರಪ್ಪಾ, ಅಕ್ಕ ಒಳಗೆ ಹೋಗದಂಗೆ ನೋಡ್ಕ."

"ನಾನಾ ಮೇಡಂ?" ಎಂದ ಚಿಕ್ಕೀರಪ್ಪ, ಎರಡು ಕೈಯಲ್ಲೂ ಬೂಟು ಹಿಡಿದುಕೊಂಡು. ಬೋರಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಅವನು ಒಂದು ಹೆಜ್ಜೆ ಹಿಂದೆ ಸರಿದ.

*

ಕಂಪನಿಯ ಕ್ಯಾಂಪು ಮೊಳಕಾಲ್ಮೂರು ರಸ್ತೆಯ ಪಕ್ಕ, ಜಲ್ಲಿ ರಾಶಿಗಳ ನಡುವೆ ಇತ್ತು. ಪ್ರಾಜೆಕ್ಟ್ ಮ್ಯಾನೇಜರ್ ನಾಗಾರ್ಜುನ ಗಡಿಯಾಚೆಯ ತೆಲುಗಿನವನು. ಬಿಳಿ ಅಂಗಿ, ಕೈಯಲ್ಲಿ ಟೀ ಲೋಟ.

"ದಯಚೇಯಂಡಿ ಮೇಡಂ, ಬನ್ನಿ ಬನ್ನಿ. ಮತ್ತೆ ಅದೇ ಕಥೆನಾ? ಯಾರೋ ಆಗದೋರು ಹೇಳ್ತಾರೆ, ನೀವು ನಂಬ್ತೀರ. ನಮ್ಮ ಯಂತ್ರ ನಮ್ಮ ಸ್ಟೋರಲ್ಲೇ ಇದೆ."

"ತೋರಿಸ್ರಿ."

ಅವನು ಇಷ್ಟು ಬೇಗ ಒಪ್ಪುತ್ತಾನೆಂದು ಸೂರಮ್ಮ ಎಣಿಸಿರಲಿಲ್ಲ. ಶಿಲ್ಪ ಕೀಲಿ ತಂದು ಉಗ್ರಾಣದ ಬಾಗಿಲು ತೆರೆದಳು. ಚಳ್ಳಕೆರೆಯವಳೇ ಅವಳು, ಯಂತ್ರದ ಸುರಕ್ಷತೆಗೆ ಕಂಪನಿ ನೇಮಿಸಿದ ಹುಡುಗಿ. ಸೂರಮ್ಮನನ್ನು ಹಿಂದೆಂದೂ ನೋಡಿಲ್ಲವೆಂಬಂತೆ ತಲೆ ತಗ್ಗಿಸಿ ನಿಂತಳು.

ಉಗ್ರಾಣದ ನಡುವೆ, ನೆಲದ ಮೇಲೆ, ಹಳದಿ ಪೆಟ್ಟಿಗೆ. ಮೂರು ಕಪ್ಪು ಎಸಳು.

ಸೂರಮ್ಮ ಒಂದು ಹೆಜ್ಜೆ ಮುಂದಿಟ್ಟಳು. ಹಾಗಾದರೆ ಹಟ್ಟಿಯಲ್ಲಿರುವುದು ಏನು?

"ಅಲ್ಲೇ ನಿಲ್ಲಿ, ಅಲ್ಲೇ ನಿಲ್ಲಿ!" ನಾಗಾರ್ಜುನ ಕೈ ಅಡ್ಡ ಹಿಡಿದ. "ಬ್ಯಾಡ್ಜ್ ಇಲ್ಲದೋರು ಹತ್ರ ಬರಂಗಿಲ್ಲ. ರೇಡಿಯೇಷನ್. ತಮಾಷೆ ಅಲ್ಲ ಇದು. ಪೆದ್ದಾಯನಾ, ನೀನೂ ಹಿಂದೆ ಹೋಗು."

ತೆಲುಗಿನಲ್ಲಿ 'ಪೆದ್ದಾಯನಾ', ಹಿರಿಯನೇ, ಎಂದು ಕರೆಸಿಕೊಂಡ ಓಬಳಪ್ಪ ಹಿಂದೆ ಹೋಗಲಿಲ್ಲ.

"ಅಯ್ಯಾ, ನಿಮ್ಮದೊಂದು ಪೆಟ್ಟಿಗೆ ನಮ್ಮ ಹಟ್ಟ್ಯಾಗೈತೆ ಅಂತಾರೆ. ನಿಮ್ದೋ ಅಲ್ವೋ? ಒಂದು ಮಾತು ಹೇಳಿಬಿಡು."

"ನಮ್ದಲ್ಲ."

"ನೋಡದೇನೆ ಹೇಳ್ತೀಯಲ್ಲ."

"ಏನಯ್ಯಾ ನೋಡೋದು? ನಮ್ದು ಇಲ್ಲಿದೆ, ಕಣ್ಣೆದುರಿಗೆ. ನಿಮ್ಮ ದೇವರನ್ನೆಲ್ಲಾ ನಾವು ಹೊತ್ಕೊಂಡು ಹೋಗ್ಬೇಕಾ?" ನಾಗಾರ್ಜುನ ನಕ್ಕ. ಜೇಬಿನಲ್ಲಿ ಮೊಬೈಲು ಹೊಡೆದುಕೊಂಡಿತು. ಅದನ್ನು ತೆಗೆಯಲು ಕೈ ಖಾಲಿ ಬೇಕಾಯಿತು. ಬಗ್ಗಿ, ಟೀ ಲೋಟವನ್ನು ಹಳದಿ ಪೆಟ್ಟಿಗೆಯ ಮೇಲಿಟ್ಟ. ಅದಕ್ಕೇ ಒರಗಿಕೊಂಡು, ಒಂದು ಕಾಲನ್ನು ಅದರ ಅಂಚಿಗೆ ಊರಿ, ಟಾರಿನ ಲಾರಿಯವನಿಗೆ ತೆಲುಗಿನಲ್ಲಿ ಬೈಯತೊಡಗಿದ.

ಸೂರಮ್ಮ ಆ ಲೋಟವನ್ನೇ ನೋಡಿದಳು.

ಶಿಲ್ಪ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಆದರೆ ಅವಳ ಕಣ್ಣು ಪೆಟ್ಟಿಗೆಯ ಮೇಲಿರಲಿಲ್ಲ, ಮ್ಯಾನೇಜರನ ಮೇಲಿತ್ತು. ಅವಳಿಗಿದ್ದ ಹೆದರಿಕೆಯೂ ಪೆಟ್ಟಿಗೆಯದಲ್ಲ.

ಬಾಗಿಲ ಹಿಂದೆ ಕೆಲಸದವರ ಹಾರೆಗಳನ್ನು ಒರಗಿಸಿಟ್ಟಿದ್ದರು. ಸೂರಮ್ಮ ಒಂದನ್ನು ಎತ್ತಿಕೊಂಡಳು.

"ಏಯ್, ಮೇಡಂ! ಏನ್ ಮಾಡ್ತಾ ಇದ್ದೀರಿ? ಅದನ್ನ ತೆರೆದ್ರೆ ಎಲ್ಲರೂ ಸಾಯ್ತೀರಿ!"

"ನೀವು ಅದರ ಮೇಲೆ ಟೀ ಇಟ್ಟು ಸಾಯ್ಲಿಲ್ಲವಲ್ಲ. ನಾನೂ ಸಾಯಲ್ಲ."

ಒಂದೇ ಏಟು. ತಗಡಿನ ಕೊಂಡಿ ಕಿತ್ತು ಬಂತು. ಲೋಟ ಉರುಳಿ ಟೀ ಚೆಲ್ಲಿತು. ಮುಚ್ಚಳ ತೆರೆದರೆ ಒಳಗೆ ಎರಡು ಗೋಣಿಚೀಲ. ಚೀಲದೊಳಗೆ ಜಲ್ಲಿ.

ಓಬಳಪ್ಪ ಬಗ್ಗಿ ಒಂದು ಹಿಡಿ ಜಲ್ಲಿ ಎತ್ತಿಕೊಂಡ. ಅಂಗೈ ತೆರೆದು ನೋಡಿದ.

"ನಾನು ಇದರಣ್ಣನ ಪಕ್ಕ ಮಾರ್ನೋಮಿಗೆ ಮುಂಚಿನಿಂದ ಮಲಗೀನಿ," ಎಂದ. "ನನ್ನ ಹೆಂಡ್ತಿ ದಿನಾ ದೀಪ ಹಚ್ಚವಳೆ. ನೀನು ಜಲ್ಲಿಕಲ್ಲಿಗೆ ಬಣ್ಣದ ಪೆಟ್ಟಿಗೆ ಮಾಡಿಸಿ ಬೀಗ ಹಾಕಿ ಕಾವಲು ಇಟ್ಟಿದ್ದೀಯ. ನಮ್ಮಿಬ್ಬರಾಗೆ ಪೆದ್ದ ಯಾರಯ್ಯಾ?"

"ಮರ್ಯಾದೆ, ಮರ್ಯಾದೆ!"

"ನಿನಗಾ?"

ಸೂರಮ್ಮ ಹಾರೆಯನ್ನು ನೆಲಕ್ಕೆ ಊರಿದಳು. "ನಾಗಾರ್ಜುನ್, ಇದನ್ನ ಯಾರಿಗೆ ತೋರಿಸಾಕೆ ಮಾಡಿಸಿದ್ದು?"

ಗೋಡೆಯ ಕಡೆಯಿಂದ ಬಂತು ಉತ್ತರ.

"ತಪಾಸಣೆಗೆ ಬರೋರಿಗೆ ಮೇಡಂ," ಎಂದಳು ಶಿಲ್ಪ. ಇಷ್ಟು ದಿನ ಕಟ್ಟಿಟ್ಟ ಮಾತು ಅದು. "ಮೊಳಕಾಲ್ಮೂರು ಕಡೆ ರಸ್ತೆ ಸರಿಯಾಗಿ ದಮ್ಮಸ್ಸಾಗಿಲ್ಲ. ಯಂತ್ರ ಇಟ್ಟಲ್ಲೆಲ್ಲಾ ಫೇಲ್ ಅಂತ ತೋರಿಸ್ತಿತ್ತು. ಕಿತ್ತು ಮತ್ತೆ ಹಾಕ್ಬೇಕು ಅಂತ ನಾನು ಬರೆದೆ. ಯಂತ್ರ ಕಾಣೆಯಾಯ್ತು. ಮಾರನೇ ದಿನದಿಂದ ಎಲ್ಲಾ ಪಾಸು. ಯಂತ್ರಾನೇ ಇಲ್ಲ, ಪಾಸು!"

"ಶಿಲ್ಪಾ! ನಾಳೆಯಿಂದ ಬರಬೇಡ ನೀನು."

"ಬರಲ್ಲ ಸಾರ್."

ನಾಗಾರ್ಜುನ ಸೂರಮ್ಮನ ಕಡೆ ತಿರುಗಲಿಲ್ಲ. ಓಬಳಪ್ಪನ ಹತ್ತಿರ ಬಂದ. ದನಿ ಮೆತ್ತಗಾಗಿತ್ತು. ಆ ಮೆತ್ತಗಿನ ದನಿಯನ್ನು ಕೇಳಿ ಸೂರಮ್ಮನ ಸಿಟ್ಟು ನೆತ್ತಿಗೇರಿತು.

"ಪೆದ್ದಾಯನಾ, ನಿನ್ನ ಹೆಸ್ರು ಓಬಳಪ್ಪ ಅಲ್ವಾ? ಮಗ ಈರೇಶ. ಅವನು ಎಲ್ಲಿ ಕೆಲಸಕ್ಕಿದ್ದ ಗೊತ್ತಾ? ಇಲ್ಲೇ. ನನ್ನ ವಾಚ್‌ಮನ್. ಯಂತ್ರ ಹೋದ ದಿನ ಜೀಪಿನ ಕಾವಲಿಗೆ ಇದ್ದೋನು ಅವನೇ. ನಾನು 'ನಮ್ದು' ಅಂದ ಗಳಿಗೆ ಕಳ್ಳ ಯಾರಾಗ್ತಾನೆ? ನಿನ್ನ ಮಗನನ್ನ ಕಾಪಾಡ್ತಾ ಇರೋನು ನಾನು. ಯೋಚ್ನೆ ಮಾಡು."

ಓಬಳಪ್ಪನ ಕೈಯಿಂದ ಜಲ್ಲಿ ಒಂದೊಂದಾಗಿ ಉದುರಿತು.

"ದುಡಿಯಾಕೆ ಹೋಗ್ತೀನಿ ಅಂತಿದ್ದ," ಎಂದ ಯಾರಿಗೋ ಹೇಳುವಂತೆ. "ಎಲ್ಲಿಗೆ ಅಂತ ಹೇಳ್ತಿರಲಿಲ್ಲ."

"ಮೇಡಂ," ಶಿಲ್ಪ ಮುಂದೆ ಬಂದಳು. "ಹಟ್ಟಿಯಲ್ಲಿರೋ ಪೆಟ್ಟಿಗೆಗೆ ಬೀಗ ಎಂಥದು?"

"ಹಿತ್ತಾಳೆದು. ಕೀಲಿ ಬೀಗ."

ಶಿಲ್ಪ ಸೂರಮ್ಮನ ತೋಳು ಹಿಡಿದಳು. "ನಮ್ಮದು ಉಕ್ಕಿನದು. ನಂಬರು ತಿರುಗಿಸೋದು. ಅಂದ್ರೆ ಯಾರೋ ತೆರೆದಿದ್ದಾರೆ. ತೆರೆದು, ಬೇರೆ ಬೀಗ ಹಾಕಿದ್ದಾರೆ."

ಸೂರಮ್ಮ ನಾಗಾರ್ಜುನನನ್ನು ನೋಡಿದಳು. ಬೇರೆ ಬೀಗವೆಂಬ ಮಾತಿಗೆ ಅವನೂ ಬೆಚ್ಚಿದ್ದ. ಅವನ ಈ ಬೆಚ್ಚುವಿಕೆ ನಟನೆಯಲ್ಲ. ಪೆಟ್ಟಿಗೆ ಹಟ್ಟಿ ಸೇರಿದ್ದು ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲವೇ? ಬಾವಿಗೆ ಹಾಕೆಂದು ಈರೇಶನ ಕೈಗೆ ಕೊಟ್ಟು ಕಳಿಸಿದ್ದನೇ?

"ಕಂಡೋರ ಕೆಲಸ ಅಲ್ಲ ಇದು," ಎಂದ ಓಬಳಪ್ಪ. ಅವನ ದನಿ ಈಗ ಒರಟಾಗಿತ್ತು. "ಬೇರೆ ಕಳ್ಳ ಆಗಿದ್ರೆ ಗುಜರಿಗೆ ಹಾಕ್ತಿದ್ದ. ಬೀಗ ಹಾಕಿದ ಪೆಟ್ಟಿಗೆ ಕಾವಲಾಗೆ ಇಟ್ರೆ, ನಾವು ಹೊತ್ಕಂಡು ಹೋಗ್ತೀವಿ, ತೆರೆಯಲ್ಲ, ವರ್ಷಗಟ್ಟಲೆ ಕಾಯ್ತೀವಿ ಅಂತ ಯಾರಿಗೆ ಗೊತ್ತು? ನಮ್ಮೋನಿಗೇ ಗೊತ್ತು. ಅಕ್ಷರ ಉಜ್ಜಿ ಪತ್ರೆ ಉಳಿಸೋನು ನಮ್ಮೋನೇ. ಅವ್ವ ಕುಂಕುಮ ಇಡ್ತಾಳೆ ಅಂತ ತಿಳಿದೋನು." ಕಂಬಳಿಯಿಂದ ಮುಖ ಒರೆಸಿಕೊಂಡ. "ಹೆತ್ತೋರ ತಲೆದೆಸೆಗೆ ಇಟ್ಟು ಹೋದ್ನಲ್ಲ, ಬಡ್ಡಿಮಗ."

ನಾಗಾರ್ಜುನ ಮತ್ತೆ ನಕ್ಕ. "ನೋಡಿದ್ರಾ? ತಾನೇ ಹೇಳ್ತಾನೆ. ಲೆಟರ್ ಬೇಕಾ ಮೇಡಂ? ಬರೆಯೋಣ. ಮೊದಲ ಸಾಲಲ್ಲೇ ಈರೇಶ. ಈ ಮುದುಕನನ್ನೇ ಕೇಳಿ, ಕಳಿಸ್ಲಾ ಅಂತ."

"ಲೆಟರ್ ಬರೆದಾಗಿದೆ ಸಾರ್," ಎಂದಳು ಶಿಲ್ಪ.

ಭುಜದ ಚೀಲಕ್ಕೆ ಕೈಹಾಕಿ, ನಾಲ್ಕು ಮಡಿಕೆಯ ಕಾಗದ ತೆಗೆದಳು. ಮಡಿಕೆಗಳು ಸವೆದು ಅಂಚು ಕಪ್ಪಾಗಿತ್ತು. ಯಂತ್ರ ಹೋದ ಸಂಜೆಯೇ ಬರೆದು, ಯಂತ್ರದ ಹೊಣೆಗಾರಳಾಗಿ ಕಂಪನಿಯ ಪರ ಸಹಿ ಮಾಡಿ, ನಾಗಾರ್ಜುನನ ಬೆದರಿಕೆಗೆ ಅಂಜಿ ಚೀಲಕ್ಕೆ ಹಾಕಿಕೊಂಡದ್ದು.

ಸೂರಮ್ಮನಿಗೆ ಅವಳನ್ನು ಮೆಚ್ಚಬೇಕೆನ್ನಿಸಲಿಲ್ಲ.

"ಠಾಣೆಗೆ ಬಂದಾಗ ಇದು ಚೀಲದಾಗೇ ಇತ್ತಾ?"

"ಇತ್ತು ಮೇಡಂ."

"ದಿನಾ ಚೀಲದಾಗಿಟ್ಕಂಡು ಬಸ್ ಹತ್ತಿ ಇಳಿದ್ಯಾ? ಊಟ ಮಾಡಿದ್ಯಾ? ಈ ಮನುಷ್ಯ ಅಷ್ಟು ದಿನಾನೂ ಅದರ ಪಕ್ಕ ಮಲಗಿದ್ದ ಕಣಮ್ಮ! ಗುಟ್ಟಾಗಿ ನನಗೆ ಹೇಳಿದ್ರೆ ನಿನ್ನ ಪಾಪ ಕಳೀತಾ? ಕೆಲಸ ಹೋಗ್ತೈತೆ ಅಂತ ಹೆದರಿದೆ. ಅವನದು ಜೀವ ಹೋಗ್ತಿದ್ರೆ?"

ಶಿಲ್ಪ ಅಳಲಿಲ್ಲ. ಅಳಲು ಸೂರಮ್ಮ ಬಿಡುತ್ತಲೂ ಇರಲಿಲ್ಲ. "ನಡಿ. ಫ್ಯಾಕ್ಸ್ ಎಲ್ಲೈತೆ?"

ನಾಗಾರ್ಜುನ ಅದಾಗಲೇ ಆಫೀಸಿನ ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಜೇಬಿಗೆ ಬಿಟ್ಟುಕೊಂಡಿದ್ದ. "ಕಂಪನಿ ಫ್ಯಾಕ್ಸ್ ಕಂಪನಿ ಕೆಲಸಕ್ಕೆ," ಎಂದ.

"ಇಟ್ಕ," ಎಂದಳು ಸೂರಮ್ಮ. "ಜೈಲಿಗೆ ಹೋಗೋವಾಗ ಅದನ್ನೂ ಜೊತೆಗೆ ತಗಂಡೋಗು."

*

ಚಳ್ಳಕೆರೆ ಬಸ್ ಸ್ಟ್ಯಾಂಡಿನ ಎದುರಿನ ಎಸ್.ಟಿ.ಡಿ. ಬೂತಿನಲ್ಲಿ ಪಾತಮ್ಮ ಅವರೆಕಾಳು ಬಿಡಿಸುತ್ತ ಕೂತಿದ್ದಳು. ಊರಿನ ಎಣ್ಣೆ ಮಿಲ್ಲುಗಳ ಶೇಂಗಾ ಘಾಟು ಬೂತಿನೊಳಗೂ ತುಂಬಿತ್ತು.

"ಮುಂಬಯಿಗಾ? ಈ ಹೊತ್ತಿನಾಗೆ ಲೈನ್ ಸಿಗಾದು ನಿಮ್ಮ ನಸೀಬು."

"ಸಿಗೋತನಕ ಹೊಡಿ ಪಾತಮ್ಮ."

ಪಾತಮ್ಮ ಗುಂಡಿ ಒತ್ತುತ್ತ ಹೋದಳು. ಪ್ರತಿಸಲವೂ ಕುಂಯ್ ಕುಂಯ್ ಎಂದು ಕಡಿದುಹೋಗುತ್ತಿತ್ತು. ಓಬಳಪ್ಪ ಬೂತಿನ ಗಾಜಿಗೆ ಬೆನ್ನು ಕೊಟ್ಟು ನಿಂತಿದ್ದ. ಎಷ್ಟು ಹೇಳಿದರೂ ಕೂರಲಿಲ್ಲ.

ಶಿಲ್ಪ ಕಾಗದವನ್ನು ಮಡಿಕೆ ಬಿಡಿಸಿ, ಅಂಗೈಯಿಂದ ಉಜ್ಜಿ ಚಪ್ಪಟೆ ಮಾಡಿದಳು. ಇಂಗ್ಲಿಷಿನಲ್ಲಿತ್ತು. ಓಬಳಪ್ಪ ಅದರ ಕಡೆ ನೋಡಿದ.

"ಅವನ ಹೆಸರು ಐತೇನವ್ವ ಅದರಾಗೆ?"

ಶಿಲ್ಪ ಸುಳ್ಳು ಹೇಳಬಹುದಿತ್ತು. "ಐತೆ ತಾತ. ಅವತ್ತು ಜೀಪಿನ ಕಾವಲಿಗಿದ್ದೋರು ಯಾರು ಅಂತ ಬರೀಲೇಬೇಕು."

"ಬರೀ ಈರೇಶ ಅಂತನಾ?"

"ಹೂಂ."

"ಈರೇಶಗಳು ಹಟ್ಟಿಗೊಬ್ಬೊಬ್ಬ ಅವರೆ. ಯಾರನ್ನೋ ಹಿಡ್ಕಂಡು ಹೋಗಿ ಬಡೀತಾರೆ. ತಂದೆ ಓಬಳಪ್ಪ ಅಂತ ಸೇರಿಸು. ದೊಡ್ಡಉಳ್ಳಾರ್ತಿ ಅಂತಾನೂ ಬರಿ."

ಶಿಲ್ಪ ಸೂರಮ್ಮನನ್ನು ನೋಡಿದಳು. ತಂದೆಯೊಬ್ಬ ತನ್ನ ಮಗನನ್ನು ಹಿಡಿದುಕೊಡುವಾಗ ಬಾಯಿ ಹಾಕುವ ಹಕ್ಕು ಖಾಕಿಗಿಲ್ಲ ಎಂದು ಸೂರಮ್ಮನಿಗೆ ಅನ್ನಿಸಿತು. ಸಿಟ್ಟು ಮಾತ್ರ ಇಳಿಯಲಿಲ್ಲ. ಈ ಕಾಗದ ಸಮಯಕ್ಕೆ ಹೋಗಿದ್ದರೆ ಈ ಮುದುಕ ಇಲ್ಲಿ ನಿಲ್ಲಬೇಕಾಗಿರಲಿಲ್ಲ.

ಶಿಲ್ಪ ಬರೆದಳು.

ಆಗಲೇ ಹೊರಗೆ ಮೊಪೆಡ್ಡೊಂದು ಬಂದು, ಸ್ಟ್ಯಾಂಡು ಹಾಕುವುದಕ್ಕೂ ಇಲ್ಲದೆ, ಬಿತ್ತು. ಚಿಕ್ಕೀರಪ್ಪ. ಮೈಯೆಲ್ಲ ದೂಳು. ಕಾಲಲ್ಲಿ ಬೂಟಿಲ್ಲ.

"ಮೇಡಂ, ಈರೇಶ ಬಂದೌನೆ."

ಓಬಳಪ್ಪ ಗಾಜಿನಿಂದ ಬೆನ್ನು ತೆಗೆದ.

"ನಮ್ಮ ಜೀಪು ಬಂದಿದ್ದು ಕಂಡನೇನೋ, ಕಾವಲು ಕಡೆಯಿಂದ ಬಂದ. ಸೀದಾ ಗುಡಿಸಲೊಳಗೆ ಹೋದ. ನಾನು ಬೂಟು ಬಿಚ್ಚಿ ಒಳಗೆ ಹೋಗೋ ಹೊತ್ತಿಗೆ ಪೆಟ್ಟಿಗೆ ಮುಂದೆ ಕುಂತುಬಿಟ್ಟಿದ್ದ. ಹತ್ರ ಬಂದ್ರೆ ತೆರೆದುಬಿಡ್ತೀನಿ ಅಂತಾನೆ. ಕೊಳ್ಳಾಗೆ ಹಿತ್ತಾಳೆ ಕೀಲಿ ಕಟ್ಕಂಡೌನೆ."

"ಕುಡಿದೌನಾ?"

"ಇಲ್ಲ ಮೇಡಂ. ಅಳ್ತೌನೆ." ಚಿಕ್ಕೀರಪ್ಪ ಓಬಳಪ್ಪನನ್ನು ನೋಡಿ ತಡೆದ. ಆಮೇಲೆ ಹೇಳಲೇಬೇಕಾಯಿತು. "ಬಲಗೈಗೆ ಬಟ್ಟೆ ಸುತ್ತೌನೆ. ಬೆರಳು ಮಡಚಾಕೆ ಆಗ್ತಿಲ್ಲ. ಬಟ್ಟೆ ಜಾರ್ದಾಗ ಕಂಡೆ. ತೊಗಲು ಎದ್ದು ಬಂದೈತೆ, ಬೆಂದಂಗೆ."

ಶಿಲ್ಪ ಕುರ್ಚಿಯ ಬೆನ್ನು ಹಿಡಿದುಕೊಂಡಳು. "ಕಡ್ಡಿ ಮುಟ್ಟಿದ್ದಾನೆ," ಎಂದಳು. "ಗೂಡಿನಿಂದ ತೆಗೆದು, ಬರಿಗೈಯಲ್ಲಿ ಹಿಡಿದಿದ್ದಾನೆ."

"ಹಿಡಿದು ಎಲ್ಲಿಟ್ಟ?" ಸೂರಮ್ಮ ಕೇಳಿದಳು. "ವಾಪಸ್ ಪೆಟ್ಟಿಗೆಯೊಳಗಾ? ಇಲ್ಲಾ ಬೇರೆ ಕಡೆನಾ?"

"ಬೋರಿ ಎಲ್ಲವಳೆ?" ಎಂದ ಓಬಳಪ್ಪ.

ಚಿಕ್ಕೀರಪ್ಪ ತಲೆ ತಗ್ಗಿಸಿದ. "ಒಳಗೆ ಹೋದ್ಲು. ತಡೆಯಾಕೆ ಹೋದ್ರೆ ಕೈ ಕಚ್ಚಿದ್ಲು. ಮಗನ ತಲೆ ತೊಡೆ ಮೇಲಿಟ್ಕಂಡು ಕುಂತವಳೆ."

ಹಿಂದೆ ಪಾತಮ್ಮನ ದನಿ ಏರಿತು. "ಸಿಕ್ತು! ಮುಂಬಯಿ ಸಿಕ್ತು! ಕಾಗದ ಕೊಡ್ರಿ, ಬೇಗ ಕೊಡ್ರಿ, ಮತ್ತೆ ಹೋಗ್ತೈತೆ!"

ಯಂತ್ರ ಶಿಳ್ಳೆ ಹಾಕಿತು. ಶಿಲ್ಪ ನಿಂತಲ್ಲೇ, ಗೋಡೆಗೆ ಕಾಗದ ಒತ್ತಿ ಹಿಡಿದು, ಸಹಿಯ ಕೆಳಗೆ ಎರಡು ಸಾಲು ಗೀಚಿದಳು. ಪೆಟ್ಟಿಗೆಯನ್ನು ಒಮ್ಮೆ ತೆರೆದಿದ್ದಾರೆ. ಒಬ್ಬನ ಕೈ ಸುಟ್ಟಿದೆ, ಇನ್ನಿಬ್ಬರಿಗೆ ಏನಾಗಿದೆಯೋ ತಿಳಿಯದು, ಮೀಟರಿನ ಜೊತೆ ವೈದ್ಯರನ್ನೂ ಕಳಿಸಿ.

ಕಾಗದವನ್ನು ಯಂತ್ರದ ಬಾಯಿಗೆ ಕೊಟ್ಟಳು. ಗುಂಡಿಯ ಮೇಲೆ ಬೆರಳಿಟ್ಟು, ಒತ್ತದೆ, ಓಬಳಪ್ಪನನ್ನು ನೋಡಿದಳು.

"ನನ್ನ ಮುಖ ಏನು ನೋಡ್ತೀಯವ್ವ," ಎಂದ ಓಬಳಪ್ಪ. "ಒತ್ತು."

ಅವಳು ಒತ್ತಿದಳು. ಸವೆದ ಮಡಿಕೆಗಳು ಒಂದು ಸಲ ತಡೆದವು, ಮುದುರಿದವು. ಪಾತಮ್ಮ ಅವರೆ ಸೊನೆಯ ಬೆರಳಿನಿಂದಲೇ ಅಂಚು ನೇರ ಮಾಡಿದಳು. ಕಾಗದ ಮುಂದೆ ಸರಿಯಿತು. ಕಂಪನಿಯ ಹೆಸರು ಒಳಗೆ ಹೋಯಿತು. ಯಂತ್ರದ ನಂಬರು ಹೋಯಿತು. ಈರೇಶ, ತಂದೆ ಓಬಳಪ್ಪ, ಎಂಬ ಸಾಲು ಹೋಯಿತು. ಕೊನೆಗೆ, ಇನ್ನೂ ಮಸಿ ಆರದ ಆ ಎರಡು ಸಾಲು.

ಸೂರಮ್ಮ ಅಷ್ಟರಲ್ಲಿ ಜೀಪಿನ ಬಾಗಿಲು ತೆರೆದು ಹಿಡಿದು ಕೂಗುತ್ತಿದ್ದಳು. ಓಬಳಪ್ಪ ಕದಲಲಿಲ್ಲ. ಕಾಗದದ ಬಾಲ ಯಂತ್ರದ ಆಚೆ ಬದಿಯಲ್ಲಿ ಬೀಳುವವರೆಗೆ ಅಲ್ಲೇ ನಿಂತ.

"ಪೂರಾ ಹೋಯ್ತಾ?"

"ಹೋಯ್ತು ತಾತ. 'ನಮ್ದು' ಅಂತ ಒಪ್ಕೊಂಡಂಗಾಯ್ತು."

"ನಡೀರಿ ಹಂಗಾದ್ರೆ," ಎಂದು ಓಬಳಪ್ಪ ಕಂಬಳಿ ಹೆಗಲಿಗೆಸೆದು ಜೀಪಿನ ಕಡೆ ಓಡಿದ.